ಸೊಂಡೂರಿನ ಶಿವರಾಯರು

ಕಳೆದ ವರ್ಷ ನಮ್ಮ ಕಾಲೇಜಿನ ಇತಿಹಾಸ ಸಂಘದ ಆಶ್ರಯದಲ್ಲಿ ಒಂದು ಚರ್ಚಾಸ್ಪರ್ಧೆ ನಡೆಯಿತು. ಹೋರಾಡದೆ ಶರಣಾದ ಅರಸನಿಗೆ ಚರಿತ್ರೆಯಲ್ಲಿ ಗೌರವದ ಸ್ಥಾನವುಂಟೆ ಎಂಬುದು ಅಂದಿನ ವಿಷಯ. ನಾನು ಇಲ್ಲವೆಂಬ ಪಕ್ಷವನ್ನು ವಹಿಸಿದ್ದೆ. ಕಿತ್ತೂರಿನ ಚೆನ್ನಮ್ಮನನ್ನೂ ಸುರಪುರದ ವೆಂಕಟಪ್ಪನಾಯಕನನ್ನೂ ಬಾಯಿತುಂಬ ಹೊಗಳಿ, ಅದಕ್ಕೆ ಪ್ರತಿಯಾಗಿ ಒಂದು ಉದಾಹರಣೆ ಬೇಕೆಂದು ನಮ್ಮ ಸೊಂಡೂರಿನ ಶಿವರಾಯರನ್ನು ಎಳೆದು ತಂದೆ. ಸುತ್ತ ಗುಡ್ಡಗಳ ಕೋಟೆಯೇ ಇದ್ದರೂ ಒಂದು ಗುಂಡನ್ನೂ ಹಾರಿಸದೆ ಬಾಗಿಲು ತೆರೆದುಕೊಟ್ಟವರು ಅವರೆಂದು ನಗೆಯಾಡಿದೆ. ಸಭಿಕರು ಚಪ್ಪಾಳೆ ತಟ್ಟಿದರು. ನನಗೆ ಎರಡನೆಯ ಬಹುಮಾನವೂ ಬಂದಿತು.

ಸಭೆ ಮುಗಿದ ಮೇಲೆ ನಮ್ಮ ಅಧ್ಯಾಪಕರೊಬ್ಬರು ನನ್ನನ್ನು ಕರೆದು, ಆ ಬಾಗಿಲು ತೆರೆದ ಮೇಲೆ ಒಳಗಿದ್ದವರ ಗತಿ ಏನಾಯಿತೆಂದು ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ. ಸೊಂಡೂರಿನ ಕಣಿವೆಯಲ್ಲಿಯೇ ಹುಟ್ಟಿ ಬೆಳೆದ ನನಗೆ ಇದು ತಿಳಿಯದೆ ಇದ್ದುದು ನಾಚಿಕೆಯ ಸಂಗತಿಯೇ ಸರಿ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ. ಬೇಸಿಗೆಯ ರಜೆಯಲ್ಲಿ ಪುಸ್ತಕಭಂಡಾರದ ಹಳೆಯ ಗ್ರಂಥಗಳನ್ನು ತಿರುವಿಹಾಕಿ ನಾನು ಕಲಿತುಕೊಂಡದ್ದನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಹೊಸಪೇಟೆಯಿಂದ ದಕ್ಷಿಣಕ್ಕೆ ಹೊರಟರೆ ಸ್ವಲ್ಪ ದೂರದಲ್ಲಿಯೇ ಗುಡ್ಡದ ಸಾಲುಗಳು ಎದುರಾಗುತ್ತವೆ. ಎರಡು ಸಾಲುಗಳ ನಡುವೆ ತೊಟ್ಟಿಲಿನಂತೆ ಮಲಗಿರುವುದು ಸೊಂಡೂರಿನ ಕಣಿವೆ. ನಾರಿಹಳ್ಳವು ಈ ಗುಡ್ಡಗಳನ್ನು ಸೀಳಿಕೊಂಡು ಓಬಳಗಂಡಿ, ಭೀಮಗಂಡಿ ಎಂಬ ಇಕ್ಕಟ್ಟಾದ ಗಂಡಿಗಳಲ್ಲಿ ಹರಿದು ದರೋಜಿಯ ಕೆರೆಯನ್ನು ಸೇರುತ್ತದೆ. ಹಿಂದಿನ ಕಾಲದಲ್ಲಿ ಒಳಗೆ ಬರಬೇಕಾದರೆ ಇಂಥ ಗಂಡಿಗಳೇ ದಾರಿ. ಒಂದೊಂದು ಗಂಡಿಯ ಬಾಯಲ್ಲಿ ಕೆಲವು ಮಂದಿ ಗಟ್ಟಿಗರು ನಿಂತರೆ ದೊಡ್ಡ ದಂಡೂ ಹೊರಗೇ ಉಳಿಯಬೇಕು. ಕಣಿವೆಯ ದಕ್ಷಿಣದ ಬೆಟ್ಟದಲ್ಲಿ ಪಾರ್ವತಿಯ ಮತ್ತು ಕುಮಾರಸ್ವಾಮಿಯ ಪುರಾತನ ದೇವಾಲಯಗಳಿವೆ. ಈ ಕುಮಾರಸ್ವಾಮಿಯ ಹೆಸರು ನಮ್ಮ ಕಥೆಯಲ್ಲಿ ಇನ್ನೊಮ್ಮೆ ಬರುತ್ತದೆ.

ಈ ನೆಲ ಮೊದಲಿನಿಂದಲೂ ಘೋರ್ಪಡೆಯವರದಾಗಿರಲಿಲ್ಲ. ಜರಿಮಲೆಯ ಬೇಡ ಪಾಳೆಯಗಾರರು ಅದನ್ನು ಆಳುತ್ತಿದ್ದರು. 1728ರಲ್ಲಿ ಮರಾಠಾ ಸರದಾರರಾದ ಸಿದ್ಧೋಜಿರಾವ್ ಘೋರ್ಪಡೆಯವರು ಅವರಿಂದ ಅದನ್ನು ಕಸಿದುಕೊಂಡರು. ಇವರ ಮಗನೇ ಗುತ್ತಿಯ ಪ್ರಸಿದ್ಧ ಮುರಾರಿರಾಯ. ಕರ್ನಾಟಕದ ಯುದ್ಧಗಳ ಕಾಲದಲ್ಲಿ ತಿರುಚಿನಾಪಳ್ಳಿಯಿಂದ ಆರ್ಕಾಟಿನವರೆಗೆ ಮುರಾರಿರಾಯನ ಕುದುರೆಗಳ ಸದ್ದು ಕೇಳದ ಊರಿರಲಿಲ್ಲ. ಫ್ರೆಂಚರೂ ಇಂಗ್ಲಿಷರೂ ನವಾಬರೂ ಅವನ ನೆರವಿಗಾಗಿ ಹಾತೊರೆಯುತ್ತಿದ್ದರು. ಆದರೆ ಅಂಥವನೂ 1776ರಲ್ಲಿ ಹೈದರನ ಮುತ್ತಿಗೆಗೆ ಸಿಕ್ಕಿ ಗುತ್ತಿಯ ಕೋಟೆಯನ್ನು ಕಳೆದುಕೊಂಡ. ಕಬ್ಬಾಳದುರ್ಗದ ಸೆರೆಯಲ್ಲಿ ಅವನ ಬಾಳು ಮುಗಿಯಿತು. ಸೊಂಡೂರು ಹೈದರನ ವಶವಾಯಿತು. ಕಣಿವೆಯೊಳಗೆ ಕೃಷ್ಣಾನಗರದಲ್ಲಿ ಅವನು ಕೋಟೆಯನ್ನು ಕಟ್ಟಿಸತೊಡಗಿದ. ಅದನ್ನು ಪೂರ್ತಿ ಮಾಡಿದವನು ಟಿಪ್ಪು.

ಮುರಾರಿರಾಯನ ಸ್ವಂತ ಮಕ್ಕಳು ಎಳೆತನದಲ್ಲಿಯೇ ತೀರಿಕೊಂಡಿದ್ದರು. ಅವನ ದತ್ತುಮಗನ ಹೆಸರೂ ಶಿವರಾಯನೆಂದೇ. ಆತ ಸುಮಾರು 1785ರಲ್ಲಿ ಟಿಪ್ಪುವಿನ ದಂಡನ್ನು ಸೊಂಡೂರಿನಿಂದ ಹೊರಗಟ್ಟಲು ಹೋಗಿ ರಣದಲ್ಲಿ ಬಿದ್ದ. ಉಳಿದವನು ಎರಡು ವರ್ಷದ ಕೂಸು, ಸಿದ್ಧೋಜಿ. ಚಿಕ್ಕಪ್ಪನಾದ ವೆಂಕಟರಾಯನು ಆ ಮಗುವಿನ ಪಾಲಕನಾಗಿ ನಿಂತ. ಕಾರ್ನವಾಲಿಸನ ಯುದ್ಧದ ಸಮಯವನ್ನು ನೋಡಿ 1790ರಲ್ಲಿ ಟಿಪ್ಪುವಿನ ಕಾವಲಿನವರನ್ನು ಕಣಿವೆಯಿಂದ ಓಡಿಸಿದವನೂ ಇವನೇ. 1792ರ ಒಪ್ಪಂದದ ಮೇಲೆ ಸೊಂಡೂರು ಘೋರ್ಪಡೆಯವರದೆಂದು ಮಾನ್ಯವಾಯಿತು. ಆದರೆ ಟಿಪ್ಪು ಬದುಕಿರುವತನಕ ಅಲ್ಲಿ ಬಂದು ನೆಲಸುವ ಧೈರ್ಯ ಮನೆತನದವರಿಗೆ ಬರಲಿಲ್ಲ. 1796ರಲ್ಲಿ ಸಿದ್ಧೋಜಿ ಹದಿಮೂರರ ಪ್ರಾಯದಲ್ಲಿ ತೀರಿಕೊಂಡ. ಅವನ ವಿಧವೆ ದಾಯಾದಿಗಳಲ್ಲಿ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡಳು. ಆ ಹುಡುಗನೇ ನಮ್ಮ ಚರಿತ್ರನಾಯಕರಾದ ಶಿವರಾಯರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ವೆಂಕಟರಾಯನ ಜೊತೆಯಲ್ಲಿ ಶಿವರಾಯರು ಕಣಿವೆಗೆ ಬಂದು ಜಹಗೀರನ್ನು ವಹಿಸಿಕೊಂಡರು. ಅವರ ಕೈಗೆ ಬಂದದ್ದು ಸುಮಾರು 160 ಚದರ ಮೈಲಿಯ ನೆಲ, ಕೆಲವು ಹಳ್ಳಿಗಳು, ಮತ್ತು ಸೋತವರ ಸತ್ತವರ ನೆನಪು. ಸೆರೆಯಲ್ಲಿ ಸತ್ತ ಮುರಾರಿರಾಯ, ಕಾದಾಡಿ ಸತ್ತ ಹಿಂದಿನ ಶಿವರಾಯ, ತಾರುಣ್ಯವನ್ನೇ ಕಾಣದೆ ಹೋದ ಸಿದ್ಧೋಜಿ, ಇವರ ತರುವಾಯ ಆ ಗಾದಿಯ ಮೇಲೆ ಕುಳಿತವರು ಅವರು. ಯುದ್ಧವೆಂದರೆ ಏನೆಂಬುದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲವೆಂದು ನನಗೆ ಈಗ ತೋರುತ್ತದೆ.

ಅವರ ಸುತ್ತಲಿನ ಲೋಕ ಬೇಗಬೇಗನೆ ಬದಲಾಗುತ್ತಿತ್ತು. 1800ರಲ್ಲಿ ನಿಜಾಮನು ಬಳ್ಳಾರಿ, ಅನಂತಪುರ, ಕಡಪಗಳ ಸೀಮೆಯನ್ನು ಕುಂಪಣಿಯವರಿಗೆ ಬಿಟ್ಟುಕೊಟ್ಟ. ಇದನ್ನೇ ದತ್ತಮಂಡಲವೆಂದು ಕರೆಯುವುದು. ಅದರ ಮೊದಲ ಪ್ರಧಾನ ಕಲೆಕ್ಟರಾಗಿ ಬಂದವರು ತಾಮಸ್ ಮನ್ರೋ ಸಾಹೇಬರು. ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಈ ಸೀಮೆಯಲ್ಲಿ ಬೇರೂರಿಸಿದವರೂ ಅವರೇ. ಹೀಗೆ ಸರ್ಕಾರ ಮತ್ತು ರೈತ ಎದುರುಬದುರಾದಾಗ ನಡುವೆ ನಿಂತಿದ್ದ ಪಾಳೆಯಗಾರನಿಗೆ ಕೆಲಸವಿಲ್ಲವಾಯಿತು. 1800ರಿಂದ 1807ರವರೆಗಿನ ಏಳು ವರ್ಷಗಳಲ್ಲಿ ಮನ್ರೋ ಸಾಹೇಬರು ಪಾಳೆಯಗಾರರ ಕೈಯಿಂದ ಆಯುಧವನ್ನೂ ಅಧಿಕಾರವನ್ನೂ ಬಿಡಿಸಿದರು. ಬಗ್ಗದವರನ್ನು ಹೊರಹಾಕಿದರು, ಬಗ್ಗಿದವರಿಗೆ ಪಿಂಚಣಿ ಕೊಟ್ಟರು. ಹರಪನಹಳ್ಳಿಯ ದೊಡ್ಡ ಪಾಳೆಯಪಟ್ಟು ಹಾಗೆಯೇ ಕರಗಿತು. ವಿಜಯನಗರದ ಸಿಂಹಾಸನದ ಹೆಸರನ್ನು ಹೊತ್ತಿದ್ದ ಆನೆಗೊಂದಿಯ ರಾಜರೂ ಕುಂಪಣಿಯ ಪಿಂಚಣಿಯ ಮೇಲೆ ಬದುಕುವವರಾದರು. ಹಂಪಿಯ ಕಲ್ಲುಗಳ ನಡುವೆ ನಿಂತು ನಾವು 1565ನ್ನು ಮಾತ್ರ ನೆನೆಯುತ್ತೇವೆ. ಆ ವಂಶದ ಕಡೆಯ ಅಧಿಕಾರ ಹೋದದ್ದು ತಾಳಿಕೋಟೆಯ ರಣದಲ್ಲಿ ಅಲ್ಲ, ಒಂದು ಕಚೇರಿಯ ಕಾಗದದ ಮೇಲೆ ಎಂಬುದು ನಮ್ಮ ನೆನಪಿಗೆ ಬರುವುದಿಲ್ಲ.

ಸೊಂಡೂರಿನ ಕಣಿವೆ ಮಾತ್ರ ಈ ದತ್ತಮಂಡಲದ ನಡುವೆ ಬೇರೆಯಾಗಿಯೇ ಉಳಿಯಿತು. ಆದರೆ ಇನ್ನೊಂದು ದಿಕ್ಕಿನಿಂದ ಅದಕ್ಕೆ ಅಪಾಯ ಕಾದಿತ್ತು. ಪುಣೆಯ ಪೇಶ್ವೆ ಎರಡನೆಯ ಬಾಜಿರಾಯನು ಸೊಂಡೂರು ತನಗೆ ಸೇರಿದ್ದೆಂದು ಭಾವಿಸಿ, ಅದನ್ನು ಘೋರ್ಪಡೆ ಮನೆತನದ ಬೇರೊಂದು ಶಾಖೆಯ ಯಶವಂತರಾಯನಿಗೆ ದಾನವಾಗಿ ಬರೆದುಕೊಟ್ಟಿದ್ದ. ಈ ಯಶವಂತರಾಯ ಸಿಂಧಿಯನ ಸೈನ್ಯದಲ್ಲಿ ಹೆಸರು ಪಡೆದ ಸರದಾರ. ಶಿವರಾಯರು ಆ ದಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹದಿನೈದು ವರ್ಷ ಹಾಗೆಯೇ ಕಳೆಯಿತು.

1815ರಲ್ಲಿ ಬಾಜಿರಾಯನು ತಾನೇ ದಂಡಿನೊಡನೆ ಇತ್ತ ಕಡೆ ಹೊರಟ. ಕುಮಾರಸ್ವಾಮಿಯ ದರ್ಶನಕ್ಕಾಗಿ ಬರುತ್ತಿದ್ದೇನೆಂಬುದು ಹೊರಗಿನ ಮಾತು. ಕಣಿವೆಯನ್ನು ಹಿಡಿಯುವುದು ಒಳಗಿನ ಎಣಿಕೆ. ಶಿವರಾಯರಿಗೆ ಈ ಎಣಿಕೆ ಹೊಳೆಯಿತು. ದೇವರ ದರ್ಶನಕ್ಕೆ ಬಂದವನನ್ನು ತಡೆದರೆ ಅಪಕೀರ್ತಿ, ದಂಡನ್ನು ಬಿಟ್ಟುಕೊಂಡರೆ ರಾಜ್ಯವೇ ಹೋಗುತ್ತದೆ. ಅವರು ಗಂಡಿಗಳನ್ನೂ ದಾರಿಗಳನ್ನೂ ಕಟ್ಟಿಸಿ, ಪೇಶ್ವೆಯನ್ನು ಕೆಲವೇ ಮಂದಿ ಪರಿಚಾರಕರೊಡನೆ ಒಳಗೆ ಬಿಟ್ಟರು. ಬಾಜಿರಾಯನು ಕುಮಾರಸ್ವಾಮಿಗೆ ಕೈಮುಗಿದು ಬಂದ ದಾರಿಯಲ್ಲಿ ಹಿಂದಿರುಗಬೇಕಾಯಿತು. ಮರಾಠಾ ರಾಜ್ಯದ ಪೇಶ್ವೆಯನ್ನು ರಕ್ತದ ಒಂದು ಹನಿ ಬೀಳದಂತೆ ಹೀಗೆ ಹಿಂದಕ್ಕೆ ಕಳುಹಿಸಿದ ಸಣ್ಣ ಜಹಗೀರುದಾರನನ್ನು ನಾನು ಹೇಡಿಯೆಂದು ಕರೆದಿದ್ದೆನಲ್ಲಾ ಎಂದು ಈ ಭಾಗವನ್ನು ಓದುವಾಗ ನನಗೆ ಮೊದಲನೆಯ ಸಲ ಮುಜುಗರವಾಯಿತು.

ಪೇಶ್ವೆ ಇದನ್ನು ಮರೆಯಲಿಲ್ಲ. 1802ರ ಡಿಸೆಂಬರ್ 31ರಂದು ವಸಯಿಯಲ್ಲಿ ಅವನು ಇಂಗ್ಲಿಷರೊಡನೆ ಮಾಡಿಕೊಂಡಿದ್ದ ಒಪ್ಪಂದ ಅವನ ಕೈಯಲ್ಲಿತ್ತು. ಮಾತು ಕೇಳದ ಸಾಮಂತರನ್ನು ಹದ್ದಿಗೆ ತರಲು ಇಂಗ್ಲಿಷರು ನೆರವಾಗಬೇಕೆಂದು ಅದರ ಬಲದಿಂದ ಅವನು ಕೇಳಿದ. ಕುಂಪಣಿಯವರಿಗೆ ಶಿವರಾಯರ ಮೇಲೆ ಯಾವ ದ್ವೇಷವೂ ಇರಲಿಲ್ಲ. ಮಿತ್ರನಿಗೆ ಕೊಟ್ಟ ಮಾತೆಂದು ಅವರು ಒಪ್ಪಿದರು. ಆಗ ಧಾರವಾಡದ ಕಡೆಯಲ್ಲಿದ್ದ ಮನ್ರೋ ಸಾಹೇಬರಿಗೆ ಆ ಕೆಲಸ ಬಂದಿತು. 1817ರ ಅಕ್ಟೋಬರಿನಲ್ಲಿ ಅವರು ದಂಡಿನೊಡನೆ ಸೊಂಡೂರಿನ ಗಡಿಗೆ ಬಂದು ಇಳಿದರು. ಕಣಿವೆಯನ್ನು ಬಿಟ್ಟುಕೊಟ್ಟರೆ ಬದಲಿಗೆ ಬೇರೆ ಕಡೆ ಜೀವನಕ್ಕೆ ಏರ್ಪಾಡು ಮಾಡಲಾಗುವುದೆಂದು ಶಿವರಾಯರಿಗೆ ತಿಳಿಸಿದರು.

ಈ ಘಟ್ಟದಲ್ಲಿ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಯೋಚಿಸಿದೆ. ಶಿವರಾಯರ ಮುಂದೆ ಎರಡು ದಾರಿಗಳಿದ್ದವು. ಎರಡು ವರ್ಷದ ಹಿಂದೆ ಮಾಡಿದ ಹಾಗೆ ಗಂಡಿಗಳನ್ನು ಕಟ್ಟಬಹುದಾಗಿತ್ತು. ಆದರೆ ಈ ಸಲ ಹೊರಗಿದ್ದದ್ದು ತೀರ್ಥಯಾತ್ರೆಯ ನೆಪದ ದಂಡಲ್ಲ. ಶ್ರೀರಂಗಪಟ್ಟಣದ ಕೋಟೆಯನ್ನೇ ಒಡೆದ ಕುಂಪಣಿಯ ತೋಪುಗಳು. ಕೆಲವು ದಿನ ತಡೆಯಬಹುದಾಗಿತ್ತು. ಆಮೇಲೆ ಹಳ್ಳಿಗಳು ಸುಡುತ್ತಿದ್ದವು, ದನಕರು ಸೂರೆಹೋಗುತ್ತಿದ್ದವು. ಹಾಡು ಕಟ್ಟುವವರಿಗೆ ಒಬ್ಬ ವೀರ ಸಿಗುತ್ತಿದ್ದ, ಕಣಿವೆಯವರಿಗೆ ಬೂದಿ ಉಳಿಯುತ್ತಿತ್ತು. ಇನ್ನೊಂದು ದಾರಿ, ತಮ್ಮ ಹಕ್ಕು ನ್ಯಾಯವಾದದ್ದೆಂದು ಹೇಳುತ್ತಲೇ ನೆಲವನ್ನು ಬಿಟ್ಟುಕೊಡುವುದು. ಶಿವರಾಯರು ಎರಡನೆಯದನ್ನು ಹಿಡಿದರು. ಎದುರು ಬೀಳದೆ ತಮ್ಮ ಠಾಣ್ಯವನ್ನು ಮನ್ರೋ ಸಾಹೇಬರ ವಶಕ್ಕೆ ಕೊಟ್ಟು ಹೊರಗೆ ಬಂದರು.

ಇಲ್ಲಿಗೆ ಕಥೆ ಮುಗಿದಿದ್ದರೆ ನನ್ನ ಭಾಷಣವೇ ಸರಿಯಾಗುತ್ತಿತ್ತೋ ಏನೋ. ಆದರೆ ಕಾಲಚಕ್ರ ಬಹು ಬೇಗ ತಿರುಗಿತು. ಸೊಂಡೂರನ್ನು ತನಗಾಗಿ ಗೆದ್ದುಕೊಡಿರೆಂದು ಇಂಗ್ಲಿಷರನ್ನು ಕೇಳಿದ್ದ ಅದೇ ಬಾಜಿರಾಯನು, ಶಿವರಾಯರು ಕಣಿವೆಯನ್ನು ಬಿಟ್ಟ ಕೆಲವೇ ದಿನಗಳಲ್ಲಿ, 1817ರ ನವೆಂಬರ್ 5ರಂದು, ಪುಣೆಯ ಹತ್ತಿರದ ಖಡಕಿಯಲ್ಲಿ ಇಂಗ್ಲಿಷರ ಮೇಲೆಯೇ ಕತ್ತಿ ಎತ್ತಿದ. ಮಿತ್ರನು ಶತ್ರುವಾದ ಮೇಲೆ ಅವನಿಗೆ ಕೊಟ್ಟ ಮಾತೆಲ್ಲಿ ಉಳಿಯಿತು? ಮನ್ರೋ ಸಾಹೇಬರು ಅದೇ ದಂಡನ್ನು ಪೇಶ್ವೆಯ ಸೀಮೆಗೆ ತಿರುಗಿಸಿ ಗದಗ, ಡಂಬಳ, ಹುಬ್ಬಳ್ಳಿ, ಬಾದಾಮಿ, ಬೆಳಗಾವಿಗಳನ್ನು ಒಂದಾದ ಮೇಲೊಂದು ಹಿಡಿದರು. 1818ರ ಜೂನ್ ತಿಂಗಳ ಮೊದಲಲ್ಲಿ ಬಾಜಿರಾಯನು ಶರಣಾಗಿ, ಪಿಂಚಣಿ ಪಡೆದು ಗಂಗಾತೀರದ ಬಿಠೂರಿಗೆ ಹೊರಟುಹೋದ. ಅದೇ ವರ್ಷ ಜುಲೈ 1ರಂದು, ಮನ್ರೋ ಸಾಹೇಬರ ಶಿಫಾರಸಿನ ಮೇಲೆ, ಶಿವರಾಯರಿಗೆ ಸೊಂಡೂರು ಮರಳಿ ಬಂದಿತು. ಕಣಿವೆಯನ್ನು ಬಿಟ್ಟುಕೊಟ್ಟವರು ಒಳಗೆ ಬಂದರು, ಅದನ್ನು ಕೇಳಿದವನು ತನ್ನ ರಾಜ್ಯವನ್ನೇ ಬಿಟ್ಟು ಹೊರಗೆ ಹೋದ.

ಮನ್ರೋ ಸಾಹೇಬರು 1820ರಲ್ಲಿ ಮದ್ರಾಸಿನ ಗವರ್ನರಾದರು. 1826ರಲ್ಲಿ ಶಿವರಾಯರಿಗೆ ಸನ್ನದು ದೊರೆಯಿತು. ಪೇಷ್ಕಷಿನ ಭಾರವಿಲ್ಲದೆ ವಂಶಪಾರಂಪರ್ಯವಾಗಿ ಸೊಂಡೂರು ಅವರದೆಂದು ಒಪ್ಪಿದ ಪತ್ರ ಅದು. ಮರುವರ್ಷ ಜುಲೈಯಲ್ಲಿ ದತ್ತಮಂಡಲದ ಪ್ರವಾಸದಲ್ಲಿದ್ದ ಮನ್ರೋ ಸಾಹೇಬರು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡರು. ಸನ್ನದು ಒಂದು ವರ್ಷ ತಡವಾಗಿದ್ದರೆ, ಕಣಿವೆಯ ಕಥೆಯನ್ನು ಬಲ್ಲ ಗವರ್ನರು ಮದ್ರಾಸಿನಲ್ಲಿ ಇರುತ್ತಿರಲಿಲ್ಲ.

ಇದಕ್ಕೆ ಹೋಲಿಸಬೇಕಾದ್ದು ಕಿತ್ತೂರು. ಚರ್ಚಾಸ್ಪರ್ಧೆಯಲ್ಲಿ ನಾನು ಚೆನ್ನಮ್ಮನನ್ನು ಶಿವರಾಯರ ಎದುರು ನಿಲ್ಲಿಸಿದ್ದೆ. ಆದರೆ ಕಿತ್ತೂರಿನವರೂ ಮೊದಲು ಇಂಗ್ಲಿಷರೊಡನೆ ಸ್ನೇಹದಿಂದಲೇ ಇದ್ದವರು. 1818ರಲ್ಲಿ ಬೆಳಗಾವಿಯ ಮುತ್ತಿಗೆಯ ಕಾಲದಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಇದೇ ಮನ್ರೋ ಸಾಹೇಬರಿಗೆ ನೆರವಾಗಿ ತನ್ನ ಸಂಸ್ಥಾನವನ್ನು ಉಳಿಸಿಕೊಂಡಿದ್ದ. 1824ರಲ್ಲಿ ಅವನು ಮಕ್ಕಳಿಲ್ಲದೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪದೆ ಖಜಾನೆಗೆ ಮುದ್ರೆ ಹಾಕಿಸಿದ. ಸ್ನೇಹದ ದಾರಿ ಮುಚ್ಚಿದ ಮೇಲೆಯೇ ರಾಣಿ ಕತ್ತಿ ಹಿಡಿದದ್ದು. ಸೊಂಡೂರಿನಲ್ಲಿ 1840ರಲ್ಲಿ ಶಿವರಾಯರು ತೀರಿಕೊಂಡಾಗಲೂ ಅವರ ಗಾದಿಗೆ ಬಂದವರು ಸ್ವಂತ ಮಗನಲ್ಲ, ಸೋದರಪೀಳಿಗೆಯ ವೆಂಕಟರಾಯರು. ಅವರ ಹಕ್ಕನ್ನು ಮಾತ್ರ ಮದ್ರಾಸ್ ಸರ್ಕಾರ ಒಪ್ಪಿ 1841ರಲ್ಲಿ ಹೊಸ ಸನ್ನದನ್ನು ಕೊಟ್ಟಿತು. ಒಂದೇ ಕುಂಪಣಿ, ಹೆಚ್ಚುಕಡಿಮೆ ಒಂದೇ ಪರಿಸ್ಥಿತಿ, ಎರಡು ಬಗೆಯ ತೀರ್ಪು. ಆದ್ದರಿಂದ ಶಿವರಾಯರು ಜಾಣರು, ಚೆನ್ನಮ್ಮ ಜಾಣೆಯಲ್ಲವೆಂದು ಹೇಳಲು ನಾನು ಸಿದ್ಧನಿಲ್ಲ. ಅನ್ಯರ ದಯೆಯ ಮೇಲೆ ನಿಂತ ರಾಜ್ಯ ಎಷ್ಟು ದುರ್ಬಲವೆಂಬುದಕ್ಕೆ ಈ ಎರಡೂ ಸಂಸ್ಥಾನಗಳು ಸಾಕ್ಷಿ. ಒಂದಕ್ಕೆ ದಯೆ ದೊರೆಯಿತು, ಇನ್ನೊಂದಕ್ಕೆ ದೊರೆಯಲಿಲ್ಲ.

ಶಿವರಾಯರ ದಾರಿಗೆ ಬೆಲೆಯೂ ಇತ್ತೆಂಬುದನ್ನು ಮುಚ್ಚಿಡಬಾರದು. ಕಂದಾಯ, ಪೋಲೀಸು, ದಿವಾಣಿ ನ್ಯಾಯ ಇವು ಸೊಂಡೂರಿನ ಅರಸರ ಕೈಯಲ್ಲಿ ಉಳಿದರೂ, ಮರಣದಂಡನೆಯಂಥ ದೊಡ್ಡ ವಿಷಯಗಳಲ್ಲಿ ಮದ್ರಾಸಿನ ಅಪ್ಪಣೆ ಬೇಕಾಗಿತ್ತು. ಅವರ ತರುವಾಯದವರ ಕಾಲದಲ್ಲಿ ರಾಮಗಡದ ತಂಪಾದ ನೆತ್ತಿಯ ಮೇಲೆ ಇಂಗ್ಲಿಷ್ ದಂಡಿನವರಿಗಾಗಿ ಆರೋಗ್ಯಧಾಮ ಎದ್ದಿತು. ಮುರಾರಿರಾಯನ ವಂಶದವರು ಮತ್ತೆಂದೂ ದಂಡು ಕಟ್ಟಲಿಲ್ಲ. ಆದರೂ ಮದ್ರಾಸ್ ಆಧಿಪತ್ಯದ ಐದು ಸಂಸ್ಥಾನಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಸೊಂಡೂರು ಅಳಿಯದೆ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ 1949ರ ಏಪ್ರಿಲ್ 1ರಂದು ಅದು ಮದ್ರಾಸ್ ಪ್ರಾಂತದಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಜೊತೆಗೆ ಮೈಸೂರು ರಾಜ್ಯಕ್ಕೆ ಬಂದು, ಕನ್ನಡದ ಮನೆಯನ್ನು ಸೇರಿತು. 1826ರ ಸನ್ನದು ಹೀಗೆ 123 ವರ್ಷ ನಡೆಯಿತು. ಅದನ್ನು ಕೊನೆಗೊಳಿಸಿದ್ದು ಪರಕೀಯರ ದಂಡಲ್ಲ, ನಮ್ಮದೇ ಸ್ವಾತಂತ್ರ್ಯ.

ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ನಮ್ಮ ತಾತನವರಿಗೆ ಓದಿ ಹೇಳಿದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಲ್ಲವನ್ನೂ ಕೇಳಿ, ಆ ದಂಡು ಬಂದ ವರ್ಷ ಹೊಲದಲ್ಲಿ ಜೋಳ ನಿಂತಿತ್ತೇ ಎಂದು ವಿಚಾರಿಸಿದರು. ಅಕ್ಟೋಬರ್ ಎಂದರೆ ಪೈರು ಹೊಲದಲ್ಲಿಯೇ ಇರುವ ಕಾಲವೆಂದು ನಾನು ಹೇಳಿದೆ. ಹಾಗಾದರೆ ಆ ದೊರೆ ಮಾಡಿದ್ದು ಸರಿ ಎಂದು ಅವರು ತೀರ್ಮಾನ ಕೊಟ್ಟರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆದರೆ ಆ ಜೋಳದಲ್ಲಿ ರೈತನಿಗೆ ಎಷ್ಟು ಬಿಟ್ಟರು ಎಂಬುದನ್ನೂ ನಿನ್ನ ಪುಸ್ತಕದಲ್ಲಿ ನೋಡು ಎಂದರು. ಅಧ್ಯಾಪಕರು ಕೇಳಿದ ಪ್ರಶ್ನೆಗೂ ತಾತನವರು ಕೇಳಿದ ಪ್ರಶ್ನೆಗೂ ಹೆಚ್ಚಿನ ಭೇದವಿಲ್ಲವೆಂದು ನನಗೆ ಅನ್ನಿಸಿತು. ಇಬ್ಬರೂ ಕೇಳಿದ್ದು ಬಾಗಿಲಿನ ಒಳಗಿದ್ದವರನ್ನು ಕುರಿತು. ನಾನು ಭಾಷಣ ಮಾಡಿದ್ದು ಬಾಗಿಲನ್ನು ಕುರಿತು ಮಾತ್ರ.

ಈಗ ಆ ಗುಡ್ಡಗಳಿಂದ ಕಬ್ಬಿಣದ ಅದಿರು ಲಾರಿ ಲಾರಿಯಾಗಿ ಹೊರಗೆ ಹೋಗಿದೆ. ಅಗೆತ ಮಿತಿಮೀರಿದುದರಿಂದ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ಕೆಲಕಾಲ ನಿಲ್ಲಿಸಬೇಕಾಗಿ ಬಂದದ್ದು ನಮಗೆಲ್ಲ ತಿಳಿದೇ ಇದೆ. ಕಣಿವೆಯ ಬಾಗಿಲನ್ನು ಯಾರಿಗೆ ತೆರೆಯಬೇಕು, ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ಪ್ರಶ್ನೆ ಶಿವರಾಯರೊಡನೆ ಮುಗಿಯಲಿಲ್ಲ. ಅವರ ಕಾಲದಲ್ಲಿ ಅದನ್ನು ಒಬ್ಬರೇ ತೀರ್ಮಾನಿಸಬೇಕಾಗಿತ್ತು. 1815ರಲ್ಲಿ ಮುಚ್ಚಿದರು, 1817ರಲ್ಲಿ ತೆರೆದರು, ಎರಡು ಸಲವೂ ಹಳ್ಳಿಗಳು ಉಳಿದವು. ಇಂದು ಆ ಹೊಣೆ ಒಬ್ಬ ಅರಸನದಲ್ಲ. ಓದು ಬಲ್ಲ ನಮ್ಮೆಲ್ಲರದೂ ಆಗಿದೆ.

ಬರುವ ವರ್ಷ ಅದೇ ಚರ್ಚಾಸ್ಪರ್ಧೆ ನಡೆದರೆ ನಾನು ಯಾವ ಪಕ್ಷವನ್ನು ವಹಿಸುವೆನೆಂದು ಗೆಳೆಯರು ಕೇಳುತ್ತಾರೆ. ಚೆನ್ನಮ್ಮನ ಮೇಲಿನ ನನ್ನ ಗೌರವ ಎಳ್ಳಷ್ಟೂ ಕಡಿಮೆಯಾಗಿಲ್ಲ. ಆದರೆ ಶಿವರಾಯರ ಹೆಸರನ್ನು ಹಿಡಿದು ನಗುವ ಧೈರ್ಯ ನನಗೆ ಇನ್ನಿಲ್ಲ. ಅಂದು ನಾನು ಪಡೆದ ಬಹುಮಾನದ ಪುಸ್ತಕ ನನ್ನ ಮೇಜಿನ ಮೇಲೆಯೇ ಇದೆ. ಅದನ್ನು ನೋಡಿದಾಗಲೆಲ್ಲ ಭೀಮಗಂಡಿಯಲ್ಲಿ ಹರಿಯುವ ನಾರಿಹಳ್ಳದ ನೀರು ನೆನಪಾಗುತ್ತದೆ. ಈ ಬರಹವನ್ನು ಓದಿದವರು ಒಮ್ಮೆ ಬಿಡುವು ಮಾಡಿಕೊಂಡು ಆ ಗಂಡಿಯಲ್ಲಿ ನಿಂತು ನೋಡಬೇಕೆಂದು ನನ್ನ ವಿನಯದ ಬಿನ್ನಹ.